ಸ್ಕೂಟರಿನ ಎಣ್ಣೆಯೂ ನನ್ನ ಸಿಟ್ಟೂ

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅರ್ಧ ಓದಿದ ಮೇಲೆ ನೀವು ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಸಿಟ್ಟೇ?’ ಎಂದು ಕೇಳುತ್ತೀರಿ, ಆಗ ನನಗೆ ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಶಾಲೆಯಲ್ಲಿ ಮಕ್ಕಳು ನನ್ನನ್ನು ಬೆನ್ನ ಹಿಂದೆ ‘ಗರಮ್ ಮೇಡಂ’ ಎಂದು ಕರೆಯುತ್ತಾರೆ. ಅದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದೆ. ದೇಶ, ರಾಜಕೀಯ, ಹವಾಮಾನ ಇವುಗಳ ಮೇಲೆ ಸಿಟ್ಟಾಗುವ ದೊಡ್ಡವರಿದ್ದಾರೆ. ಅವರಿಗೆ ಟಿವಿಯವರು ಕುರ್ಚಿ ಹಾಕಿ, ಮುಖಕ್ಕೆ ಪೌಡರ್ ಬಳಿದು ಕೂರಿಸುತ್ತಾರೆ. ನನ್ನದು ಅಂಗಳದ ಮಟ್ಟದ ಸಿಟ್ಟು. ನಲ್ಲಿಯನ್ನು ಪೂರ್ತಿ ತಿರುಗಿಸದೆ ಎದ್ದು ಹೋಗುವವರು, ಮೊಸರಿನ ಪಾತ್ರೆಯಲ್ಲಿ ಒಂದೇ ಒಂದು ಚಮಚ ಉಳಿಸಿ ಫ್ರಿಜ್ಜಿನಲ್ಲಿಡುವವರು, ‘ನಾಳೆ ನೋಡಿದರಾಯಿತು’ ಎನ್ನುವವರು, ಇವರೇ ನನ್ನ ಶತ್ರುಗಳು. ಈ ಮೂರೂ ಗುಣಗಳಿರುವ ಒಬ್ಬರನ್ನು ನಾನು ಮದುವೆಯಾಗಿದ್ದೇನೆ.

ಈ ಸಲದ ಸಿಟ್ಟಿಗೆ ಕಾರಣ ಇಂಜಿನ್ ಎಣ್ಣೆ. ಅಡುಗೆ ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯ ಜನ ಬಹಳ ಜಾಗರೂಕರು. ಶೇಂಗಾದ್ದೋ ಕುಸುಬಿಯದೋ, ಗಾಣದ್ದೋ ಪಾಕೀಟಿನದೋ ಎಂದು ಮೂಸಿ ನೋಡಿ, ಬೆರಳಿಗೆ ಹಚ್ಚಿ ನೋಡಿ ಕೊಳ್ಳುತ್ತಾರೆ. ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಕರಿದರೆ ನಮ್ಮ ಅತ್ತೆ ಆ ದಿನ ಪೂರಿ ಮುಟ್ಟುವುದಿಲ್ಲ. ಆದರೆ ಇಂಜಿನ್ನಿನೊಳಗೆ ವರ್ಷಗಟ್ಟಲೆ ಒಂದೇ ಎಣ್ಣೆ ಕುದಿದು, ಕರ್ರಗಾಗಿ, ಡಾಂಬರಿನಂತಾದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ! ನಮ್ಮ ಓಣಿಯ ಗಾಡಿಗಳನ್ನು ನೋಡಬೇಕು ನೀವು. ಸೀಟಿಗೆ ಹೊಸ ಕವರು, ಹ್ಯಾಂಡಲ್ಲಿಗೆ ಬಣ್ಣಬಣ್ಣದ ಗೊಂಡೆ, ಹಿಂದೆ ಮಗಳ ಹೆಸರು, ಮುಂದೆ ಮಗನ ಹೆಸರು, ಅಮಾವಾಸ್ಯೆಗೆ ನಿಂಬೆಹಣ್ಣು, ಭಾನುವಾರ ಶಾಂಪೂ ಸ್ನಾನ. ಗಾಡಿಗೆ ಒಂದು ಗೀರು ಬಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಒಳಗಿನ ಎಣ್ಣೆಯ ಮಾತೆತ್ತಿದರೆ ಮಾತ್ರ ಎಲ್ಲರೂ ಆಕಾಶ ನೋಡುತ್ತಾರೆ.

ನನ್ನ ಸ್ಕೂಟರಿನ ವಿಷಯ ಸ್ವಲ್ಪ ಹೇಳಬೇಕು. ನಾನು ಆಳಂದ ತಾಲೂಕಿನ ಸರಸಂಬಾದವಳು. ನಮ್ಮ ಯಜಮಾನರು ಅಫಜಲಪುರದವರು. ಇಬ್ಬರಿಗೂ ಈ ಕಡೆ ನೌಕರಿ ಸಿಕ್ಕಿದ್ದರಿಂದ ಸಂಸಾರ ಹೂಡಿದ್ದು ಜೇವರ್ಗಿಯಲ್ಲಿ. ಅವರು ಕಾಲೇಜೊಂದರಲ್ಲಿ ಗ್ರಂಥಪಾಲಕರು; ಕಾಲೇಜು ಮನೆಯಿಂದ ಕೂಗಳತೆಯಲ್ಲಿದೆ. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ನನ್ನ ಶಾಲೆ ಇಜೇರಿ ದಾರಿಯಲ್ಲಿ ಸಾಕಷ್ಟು ದೂರ ಹೋಗಿ, ಒಳಗೆ ಹೊರಳಿದರೆ ಸಿಗುವ ಒಂದು ಹಳ್ಳಿಯಲ್ಲಿದೆ. ಅಲ್ಲಿಗೆ ಹೋಗಲು ಮೊದಲೆಲ್ಲ ಟಂಟಂ ಎಂಬ ಮೂರು ಗಾಲಿಯ ಆಟೋ ಒಂದೇ ಗತಿ. ಟಂಟಮ್ಮಿನಲ್ಲಿ ಎಷ್ಟು ಜನ ಕೂರಬಹುದು ಎಂಬುದನ್ನು ಅದರ ಡ್ರೈವರನೇ ತೀರ್ಮಾನಿಸುತ್ತಾನೆ, ಮತ್ತು ಅವನ ತೀರ್ಮಾನ ಎಂದೂ ಮುಗಿಯುವುದಿಲ್ಲ. ಒಂದು ತೊಡೆಯ ಮೇಲೆ ಯಾರದೋ ಕೂಸು, ಇನ್ನೊಂದು ತೊಡೆಯ ಮೇಲೆ ಯಾರದೋ ತೊಗರಿ ಚೀಲ, ಕಾಲ ಬಳಿ ಒಂದು ಹೋತ. ಆ ಹೋತ ಒಂದು ದಿನ ಹತ್ತನೇ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಒಂದನ್ನು ತಿಂದಿತು. ಯಾರದು ತಿಂದಿತೋ ಆ ಹುಡುಗಿಗೆ ನಾನು ಪೂರ್ತಿ ಅಂಕ ಕೊಟ್ಟು, ಅದೇ ವಾರ ಸ್ಕೂಟರ್ ಕೊಂಡೆ. ಅದು ನನ್ನ ಹೆಸರಿನಲ್ಲಿರುವ ಮೊದಲ ವಾಹನ. ಅದರ ಮೇಲೆ ಕೂತು ಮೊದಲ ದಿನ ಶಾಲೆಗೆ ಹೋದಾಗ, ಯಾರ ಮುಲಾಜೂ ಇಲ್ಲದೆ, ಎದುರುಗಾಳಿಗೆ ಬಾಯಿಬಿಟ್ಟು ಹಾಡಿದ್ದೆ. ಆ ದಿನ ಇಡೀ ದಿನ ನನಗೆ ಸಿಟ್ಟು ಬಂದಿರಲಿಲ್ಲ.

ಸಿಟ್ಟು ಬಂದದ್ದು ಮೊದಲ ಸಲ ಗ್ಯಾರೇಜಿಗೆ ಹೋದಾಗ. ಬಸ್ ನಿಲ್ದಾಣದ ಆಚೆ ಮೌಲಾ ಎಂಬ ಮಿಸ್ತ್ರಿಯ ಗ್ಯಾರೇಜಿದೆ. ಕೆಲಸಗಾರ ಒಳ್ಳೆಯವನೇ. ಆದರೆ ಅವನಿಗೆ ಹೆಂಗಸರು ಕಾಣುವುದಿಲ್ಲ. ಕಣ್ಣಿನ ದೋಷವಲ್ಲ, ನಂಬಿಕೆಯ ದೋಷ. ನಾನು ಗಾಡಿ ಓಡಿಸಿಕೊಂಡು ಹೋಗಿ, ಅವನ ಮುಂದೆ ನಿಲ್ಲಿಸಿ, ಇಳಿದು, “ಎಣ್ಣಿ ಬದಲಿ ಮಾಡ್ರಿ” ಎಂದೆ. ಅವನು ನನ್ನ ಭುಜದ ಆಚೆ, ರಸ್ತೆಯ ಕಡೆ ನೋಡಿ ಕೇಳಿದ:

“ಸಾಹೇಬ್ರು ಬಂದಿಲ್ಲೇನ್ರಿ?”

“ಗಾಡಿ ನಂದು. ಸಾಹೇಬ್ರದಲ್ಲ.”

“ಹೌದ್ರಿ ಮೇಡಂ. ಸಾಹೇಬ್ರಿಗಿ ಕಳಸ್ರಿ, ಅವರಿಗಿ ಎಲ್ಲಾ ತಿಳಿಸಿ ಹೇಳ್ತೇನಿ.”

ನಮ್ಮ ಸಾಹೇಬರಿಗೆ ಸೈಕಲ್ಲಿನ ಚೈನು ಬಿದ್ದರೆ ಹಾಕಲು ಬರುವುದಿಲ್ಲ. ಆದರೂ ಮರುದಿನ ಅವರನ್ನು ಕರೆದುಕೊಂಡು ಹೋದೆ. ಪ್ರಶ್ನೆ ಕೇಳಿದವಳು ನಾನು, ಉತ್ತರ ಸಿಕ್ಕಿದ್ದು ಅವರಿಗೆ. “ಯಾವ ಎಣ್ಣಿ ಹಾಕ್ತೀರಿ?” ಎಂದು ನಾನು ಕೇಳಿದರೆ, “ಸಾಹೇಬ್ರ, ನಾ ಚಲೋ ಎಣ್ಣಿನೇ ಹಾಕ್ತೇನ್ರಿ” ಎಂದು ಅವರಿಗೆ ಹೇಳುತ್ತಿದ್ದ. ನಮ್ಮ ಯಜಮಾನರು ಗ್ರಂಥಾಲಯದಲ್ಲಿ ಪುಸ್ತಕ ಕೇಳಲು ಬಂದವರ ಮುಂದೆ ತಲೆದೂಗುವಂತೆ ಗಂಭೀರವಾಗಿ ತಲೆದೂಗುತ್ತಿದ್ದರು. ನಾನು ಇಬ್ಬರ ನಡುವೆ ಗೋಡೆಯ ಕ್ಯಾಲೆಂಡರಿನಂತೆ ನಿಂತಿದ್ದೆ. ಮನೆಗೆ ಬಂದು ಹೇಳಿಬಿಟ್ಟೆ: “ಇನ್ನ ಮ್ಯಾಲ ಆ ಗ್ಯಾರೇಜಿಗಿ ನಾ ಕಾಲಿಡಂಗಿಲ್ಲ. ಎಣ್ಣಿ ಬದಲಿ ಮಾಡ್ಸೂದು ನಿಮ್ಮ ಕೆಲಸ.” ಅವರು “ಆಯ್ತು ಬಿಡು, ಅದೇನ್ ದೊಡ್ಡ ಮಾತು” ಎಂದರು. ಅವರು ‘ಅದೇನ್ ದೊಡ್ಡ ಮಾತು’ ಎಂದಾಗಲೆಲ್ಲ ನಾನು ಹುಷಾರಾಗಬೇಕಿತ್ತು.

ನಮ್ಮ ಯಜಮಾನರು ಕೆಟ್ಟವರಲ್ಲ. ಇಷ್ಟು ಸಿಟ್ಟಿನ ನಡುವೆಯೂ ಈ ಮಾತನ್ನು ಬರೆಯುತ್ತಿದ್ದೇನೆ ಎಂದರೆ ಅದು ನಿಜವೇ ಇರಬೇಕು. ಆದರೆ ಯಾವುದನ್ನೂ ಬದಲಿಸುವುದು ಅವರಿಗೆ ಆಗದು. ಚಪ್ಪಲಿಯ ಅಂಗುಷ್ಠ ಕಿತ್ತರೆ ಪಿನ್ನು ಹಾಕಿಕೊಳ್ಳುತ್ತಾರೆ. ಗೋಡೆಯ ಗಡಿಯಾರ ಸೆಲ್ಲು ಮುಗಿದು ನಿಂತರೆ, ಕೈಗಡಿಯಾರ ನೋಡಿಕೊಂಡು “ಅದು ಸಾವಕಾಶ ನಡೀತದ” ಎನ್ನುತ್ತಾರೆ. ಓಡುವುದು ಓಡುತ್ತಿರುವಾಗ ಅದನ್ನು ಬಿಚ್ಚಬಾರದು ಎಂಬುದು ಅವರ ತತ್ವ. “ಗಾಡಿ ಓಡಾಕತ್ತದ ಹೌದಿಲ್ಲೋ? ಮತ್ತ ಅದರ ಹೊಟ್ಟಿ ಯಾಕ ಬಗೀಬೇಕು?” ಎಂದು ಮೊದಮೊದಲು ವಾದ ಮಾಡಿದರು. ನಾನು ಗಾಡಿಯೊಂದಿಗೆ ಬಂದ ಪುಸ್ತಕ ತೆಗೆದು, ಎಷ್ಟು ದೂರ ಓಡಿದ ಮೇಲೆ ಎಣ್ಣೆ ಬದಲಿಸಬೇಕು ಎಂದು ಬರೆದಿದ್ದ ಪುಟ ತೋರಿಸಿದೆ. ಪುಸ್ತಕ ಎಂದರೆ ಅವರು ಸುಮ್ಮನಾಗುತ್ತಾರೆ. ಆಮೇಲೆ ನಾನು ನೆನಪಿಸಿದಾಗಲೆಲ್ಲ ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಹೋಗಿ ಮಧ್ಯಾಹ್ನಕ್ಕೆ ತರುತ್ತಿದ್ದರು. ಗಾಡಿ ಪಳಪಳ ಹೊಳೆಯುತ್ತಿತ್ತು. ಕೈಯಲ್ಲಿ ಒಂದು ಪೊಟ್ಟಣ ಮಿರ್ಚಿ ಭಜಿ. “ಮಾಡ್ಸಿದ್ರೇನ್ರಿ?” ಎಂದರೆ, “ನೋಡಿಲ್ಲಿ, ಹ್ಯಾಂಗ ಹೊಳ್ಯಾಕತ್ತದ” ಎನ್ನುತ್ತಿದ್ದರು. ನಾನು ವಿಜ್ಞಾನ ಕಲಿಸುವವಳು. ಹೊಳಪಿಗೂ ಎಣ್ಣೆಗೂ ಏನು ಸಂಬಂಧ ಎಂದು ಒಮ್ಮೆಯೂ ಕೇಳದೆ ಭಜಿ ತಿಂದೆ.

ನಾನು ಮಕ್ಕಳಿಗೆ ಘರ್ಷಣೆಯ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಎರಡು ಮೇಲ್ಮೈಗಳು ಒಂದಕ್ಕೊಂದು ಉಜ್ಜಿದಾಗ ಬಿಸಿ ಹುಟ್ಟುತ್ತದೆ, ಸವೆತ ಉಂಟಾಗುತ್ತದೆ, ನಡುವೆ ಎಣ್ಣೆಯ ತೆಳುವಾದ ಪದರವಿದ್ದರೆ ಎರಡೂ ಉಳಿಯುತ್ತವೆ. ಎರಡೂ ಅಂಗೈ ಉಜ್ಜಿಸಿ, “ಬಿಸಿ ಆತೇನು? ಈಗ ಎಣ್ಣಿ ಹಚ್ಚಿ ಉಜ್ಜ್ರಿ” ಎಂದು ಪ್ರಯೋಗವನ್ನೂ ಮಾಡಿಸುತ್ತೇನೆ. ಆ ಪಾಠ ಮುಗಿಸಿ, ಕೈ ತೊಳೆದು, ಒಣಗಿದ ಇಂಜಿನ್ನಿನ ಸ್ಕೂಟರ್ ಹತ್ತಿ ಮನೆಗೆ ಬರುತ್ತಿದ್ದೆ. ಗಾಡಿ ಕೆಲವು ವಾರಗಳಿಂದ ಏನೋ ಹೇಳುತ್ತಿತ್ತು. ಏರಿನಲ್ಲಿ ದಮ್ಮು ಹತ್ತಿದವರ ಹಾಗೆ ಎಳೆಯುತ್ತಿತ್ತು. ಒಳಗೆ ಯಾರೋ ಪಾತ್ರೆ ಒಲೆಯ ಮೇಲಿಟ್ಟು ಮರೆತ ಹಾಗೆ ಕಟಕಟ ಸದ್ದು. ನಾನು ರಸ್ತೆಯನ್ನು ಬೈದೆ. ಪೆಟ್ರೋಲನ್ನು ಬೈದೆ. ಹಿಂದಿನ ಸೀಟಿನಲ್ಲಿ ಒಮ್ಮೆ ಕೂತಿದ್ದಕ್ಕೆ ಅತ್ತೆಯ ತೂಕವನ್ನೂ ಮನಸ್ಸಿನಲ್ಲೇ ಬೈದೆ. ಬೈಯಬೇಕಾದವರು ಮನೆಯಲ್ಲಿ ನಿಂತ ಗಡಿಯಾರದ ಕೆಳಗೆ ಕೂತು ಪೇಪರ್ ಓದುತ್ತಿದ್ದರು.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನ ಅದು ನಿಂತಿತು. ಪ್ರಶ್ನೆಪತ್ರಿಕೆಗಳಿದ್ದ ಅಲಮಾರಿಯ ಕೀಲಿಕೈ ನನ್ನ ಬ್ಯಾಗಿನಲ್ಲಿತ್ತು. ಊರು ಬಿಟ್ಟು ಬಹಳ ದೂರ ಬಂದಿದ್ದೆ, ಶಾಲೆ ಇನ್ನೂ ಬಹಳ ದೂರವಿತ್ತು. ಎರಡೂ ಕಡೆ ಕೊಯ್ಲಾದ ತೊಗರಿ ಹೊಲ, ನೆರಳಿಗೊಂದು ಗಿಡವಿಲ್ಲ. ಗಾಡಿ ಒಮ್ಮೆ ಕೀರಲು ದನಿಯಲ್ಲಿ ಕಿರುಚಿತು, ಸುಟ್ಟ ವಾಸನೆ ಬಂತು, ಹಿಂದಿನ ಚಕ್ರ ಹಿಡಿದುಕೊಂಡಂತಾಗಿ ಗಾಡಿ ಅಲುಗಿತು, ನಾನು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕಾಲೂರಿ ನಿಂತೆ. ಬಟನ್ ಒತ್ತಿದೆ, ಕಿಕ್ ಹೊಡೆದೆ, ಕಿಕ್ ಕೆಳಗೇ ಇಳಿಯಲಿಲ್ಲ. ಮುಖ್ಯ ಗುರುಗಳ ಫೋನು ಬಂತು: “ಮೇಡಂ, ಎಲ್ಲಿ ಇದ್ದೀರಿ? ಹುಡುಗ್ರು ಕುಂತಾರ್ರಿ, ಪೇಪರಿಲ್ಲ.” ಗಾಡಿ ನಿಂತಿದೆ ಎಂದೆ. “ಅದಕ್ಕೇ ನಾ ಹೇಳ್ತಿದ್ದೆ, ಹೆಣ್ಮಕ್ಕಳಿಗಿ ಗಾಡಿ ಸಂಭಾಳ್ಸೂದು ಆಗಂಗಿಲ್ರಿ, ಟಂಟಂಮ್ಯಾಗ ಬರ್ರಿ ಅಂತ” ಎಂದರು. ಅವರು ಎಂದೂ ಹಾಗೆ ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ಹೇಳಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವರಿಗೆ ಅನ್ನಿಸಿತ್ತು.

ಕೊನೆಗೆ ಸೌದೆ ತುಂಬಿದ ಟ್ರ್ಯಾಕ್ಟರೊಂದು ಬಂತು. ಅದರ ಮುದುಕ ಡ್ರೈವರು, “ಹತ್ರೀ ಟೀಚರಮ್ಮ, ಮಡ್‌ಗಾರ್ಡಿನ ಮ್ಯಾಲ ಕುಂದ್ರರಿ, ಗಟ್ಟಿ ಹಿಡ್ಕೋರಿ” ಎಂದ. ಸ್ಕೂಟರನ್ನು ಹೊಲದ ಒಡ್ಡಿಗೆ ಒರಗಿಸಿ, ಸೀರೆ ಸುತ್ತಿಕೊಂಡು ಹತ್ತಿದೆ. ಶಾಲೆಯ ಗೇಟಿನೊಳಗೆ ಟ್ರ್ಯಾಕ್ಟರು ನುಗ್ಗಿದಾಗ, ಧೂಳು ಮೆತ್ತಿದ ಮುಖ, ಕೆದರಿದ ಕೂದಲು, ಕೈಯಲ್ಲಿ ಕೀಲಿಕೈ ಎತ್ತಿ ಹಿಡಿದಿದ್ದ ನನ್ನನ್ನು ಕಂಡು ಪರೀಕ್ಷೆ ಬರೆಯಬೇಕಿದ್ದ ಮಕ್ಕಳೆಲ್ಲ ಕಿಟಕಿಗೆ ಬಂದು ಚಪ್ಪಾಳೆ ಹೊಡೆದರು. ಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಅದು. ಅದಕ್ಕೂ ನನಗೆ ಸಿಟ್ಟು ಬಂತು.

ಸಂಜೆ ಮೌಲಾ ಒಂದು ಸಾಮಾನಿನ ಗಾಡಿ ತಂದು ಸ್ಕೂಟರನ್ನು ಗ್ಯಾರೇಜಿಗೆ ಹೊತ್ತೊಯ್ದ. ನಾನೂ ಯಜಮಾನರೂ ಹೋದೆವು. ಮೌಲಾ ಎಣ್ಣೆ ಅಳೆಯುವ ಕಡ್ಡಿಯನ್ನು ತಿರುಗಿಸಿ ತೆಗೆದ. ಅದರ ತುದಿಯಲ್ಲಿ ಕಾಡಿಗೆಯಂಥ ಒಂದು ಚೂರು ಮಸಿ ಬಿಟ್ಟರೆ ಏನೂ ಇರಲಿಲ್ಲ. ಅವನು ಅದನ್ನು ಬಹಳ ಹೊತ್ತು ನೋಡಿ, ನಮ್ಮವರ ಮುಖ ನೋಡಿದ.

“ಸಾಹೇಬ್ರ, ಎಣ್ಣಿ ಯಾರ ಕಡಿಂದ ಬದಲಿ ಮಾಡಸ್ತಿದ್ರಿ?”

ನಮ್ಮವರು ಗ್ಯಾರೇಜಿನ ತಗಡಿನ ಮಾಡು ನೋಡಿದರು.

“ನಿನ್ನ ಕಡಿನೇ ಅಲ್ಲೇನು?” ಎಂದು ನಾನು ಕೇಳಿದೆ.

“ಇಲ್ರಿ ಸಾಹೇಬ್ರ,” ಎಂದ ಮೌಲಾ, ನನ್ನ ಪ್ರಶ್ನೆಗೆ ಅವರಿಗೆ ಉತ್ತರ ಕೊಡುತ್ತ. “ನನ್ನ ಕಡಿ ತೊಳಸ್ಕೊಂಡ್ ಹೋಗ್ತಿದ್ರಿ. ಎಣ್ಣಿ ಬದಲಿ ಮಾಡ್ತೇನಂದ್ರ, ‘ಮುಂದಿನ ಸಲ ನೋಡೋಣ ಬಿಡು’ ಅಂತಿದ್ರಿ.”

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವಂತಿಲ್ಲ. ಮನೆಗೆ ಬರುವ ತನಕ ನಾನು ತುಟಿ ಬಿಚ್ಚಲಿಲ್ಲ. ಬಾಗಿಲು ಹಾಕಿದ ಮೇಲೆ ಬಿಚ್ಚಿದೆ. “ರಸ್ತೆದಾಗ ಬಿದ್ದು ತಲಿ ಒಡಕೊಂಡಿದ್ರ ಏನ್ ಮಾಡ್ತಿದ್ರಿ? ಅದಕ್ಕೂ ಮುಂದಿನ ಸಲ ನೋಡೋಣ ಅಂತಿದ್ರೇನು?” ಎಂದೆ. “ಸುಳ್ಳ ಯಾಕ ಹೇಳಿದ್ರಿ?” ಎಂದೆ. “ಹೊಳ್ಯಾಕತ್ತದ ಅಂದೆ, ಬದಲಿ ಮಾಡ್ಸೇನಿ ಅಂತ ಎಲ್ಲಿ ಅಂದೆ?” ಎಂದು ಅವರು ಸಣ್ಣ ದನಿಯಲ್ಲಿ ಹೇಳಿದರು. ಆ ಮಾತು ಅಕ್ಷರಶಃ ನಿಜವಾಗಿತ್ತು. ನಿಜವಾಗಿದ್ದರಿಂದಲೇ ನನ್ನ ಸಿಟ್ಟು ಇಮ್ಮಡಿಯಾಯಿತು. ಆಮೇಲೆ ಅವರು ಇನ್ನೂ ಸಣ್ಣ ದನಿಯಲ್ಲಿ, “ಮೌಲಾ ಗಾಡಿ ಒಳಗಿನ ಸಾಮಾನಿಂದು ಏನೇನೋ ಹೆಸರು ಹೇಳ್ತಾನ ಸುಜಾತಾ. ನನಗ ಒಂದೂ ತಿಳಿಯಂಗಿಲ್ಲ. ತಿಳೀಲಿಲ್ಲ ಅನ್ನಾಕ ನಾಚಿಕಿ ಆಗ್ತದ” ಎಂದರು. ಒಂದು ಕ್ಷಣ ನನಗೆ ಕರುಣೆ ಬರುವುದರಲ್ಲಿತ್ತು. ಬರಗೊಡಲಿಲ್ಲ. ನಮ್ಮದು ನಡುಮನೆಯಲ್ಲಿ ಬುದ್ಧನ ಫೋಟೋ ಇರುವ ಮನೆ. ಸಿಟ್ಟು ಬಂದಾಗ ಉಸಿರನ್ನು ಗಮನಿಸು ಎಂದು ಅಪ್ಪ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಫೋಟೋದ ಮುಂದೆ ಕೂತು ಗಮನಿಸಿದೆ. ಉಸಿರಿಗೂ ಸಿಟ್ಟು ಬಂದಿತ್ತು.

ಗಾಡಿ ರಿಪೇರಿಯಾಗಿ ಬಂತು. ಒಳಗಿನ ಭಾಗ ಹೊಸದಾಗಿ ಕೂರಿಸಿರುವುದರಿಂದ ಈ ಸಲ ಬೇಗನೇ ಒಮ್ಮೆ ಎಣ್ಣೆ ಬದಲಿಸಬೇಕೆಂದು ಮೌಲಾ ಹೇಳಿದ್ದ. ಯಾರಿಗೆ ಹೇಳಿದ್ದ ಎಂದು ಬೇರೆ ಹೇಳಬೇಕಾಗಿಲ್ಲ. ಅಂದೇ ನಾನು ತೀರ್ಮಾನಿಸಿದೆ: ಇನ್ನು ಗಂಡನೂ ಬೇಡ, ಮಿಸ್ತ್ರಿಯೂ ಬೇಡ, ನಾನೇ ಬದಲಿಸುತ್ತೇನೆ. ಪ್ರಯೋಗಾಲಯದಲ್ಲಿ ಆಸಿಡ್ ಹಿಡಿದ ಕೈಗಳಿಗೆ ಎಣ್ಣೆ ಯಾವ ಲೆಕ್ಕ? ಪೇಟೆಗೆ ಹೋಗಿ ಬಿಡಿಭಾಗದ ಅಂಗಡಿಯಲ್ಲಿ ಇಂಜಿನ್ ಎಣ್ಣೆ ಕೇಳಿದೆ. ಅಂಗಡಿಯವನು, “ಯಾವ ನಮೂನಿದು ಬೇಕು ಅಂತ ಮನಿಯಾಗ ಗಂಡಸ್ರಿಗಿ ಫೋನ್ ಹಚ್ಚಿ ಕೇಳ್ರಿ ಅಕ್ಕಾರ” ಎಂದ. ನಾನು ಪುಸ್ತಕದ ಪುಟವನ್ನು ಅವನ ಮೂಗಿನ ಹತ್ತಿರ ಹಿಡಿದೆ. ಅವನು ಬಾಟಲಿ ತೆಗೆದು ಕೊಟ್ಟ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ, ಹಳೆಯ ಚೂಡಿದಾರ ಹಾಕಿಕೊಂಡು, ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಕೂತೆ. ಹೆಂಗಸೊಬ್ಬಳು ಪಾನಾ ಹಿಡಿದರೆ ಊರಿಗೆ ಹೇಗೆ ಸುದ್ದಿ ಮುಟ್ಟುತ್ತದೋ ಗೊತ್ತಿಲ್ಲ. ಓಣಿಯ ಗಂಡಸರೆಲ್ಲ ಒಂದಲ್ಲ ಒಂದು ನೆಪದಲ್ಲಿ ಬಂದು ನಿಂತರು. ಎದುರು ಮನೆಯ ಶರಣಪ್ಪ ಕಾಕಾ ಜೀವನದಲ್ಲಿ ಎತ್ತಿನ ಬಂಡಿ ಬಿಟ್ಟರೆ ಬೇರೆ ಏನೂ ಓಡಿಸಿದವರಲ್ಲ. ಅವರು ಕುರ್ಚಿ ತಂದುಕೊಂಡೇ ಕೂತರು. “ತಂಗೀ, ಎಡಕ್ಕ ತಿರುವು. ಅಲ್ಲ, ನಿನ್ನ ಎಡಕ್ಕಲ್ಲ, ಗಾಡಿ ಎಡಕ್ಕ” ಎಂದರು. ನಮ್ಮ ಅತ್ತೆ ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ, “ಏ ಯವ್ವಾ, ಸುಮ್ನ ಬಿಡು ಬೇ. ಕೈ ಸಿಕ್ಕೊಂಡೀತು” ಎಂದು ಐದು ನಿಮಿಷಕ್ಕೊಮ್ಮೆ ಅನ್ನುತ್ತಿದ್ದರು. ಯಜಮಾನರು ಒಂದು ಹರಿದ ಬನಿಯನ್ನು ಹಿಡಿದು, ಕೈ ಒರೆಸಲು ಬೇಕಾದರೆ ಇರಲಿ ಎಂದು, ದೂರದಲ್ಲಿ ನಿಂತಿದ್ದರು.

ಇಷ್ಟು ಜನ ನೋಡುತ್ತಿರುವಾಗ ಪುಸ್ತಕ ತೆಗೆದು ಮತ್ತೆ ಚಿತ್ರ ನೋಡುವುದು ನನ್ನ ಘನತೆಗೆ ಕಡಿಮೆ ಎನ್ನಿಸಿತು. ಹಿಂದಿನ ಚಕ್ರದ ಹತ್ತಿರ ಕೆಳಗಡೆ ಒಂದು ಬೋಲ್ಟ್ ಕಂಡಿತು. ಅದಕ್ಕೇ ಪಾನಾ ಹಚ್ಚಿದೆ. ಬಿಗಿಯಾಗಿತ್ತು. ಮುಖ್ಯ ಗುರುಗಳನ್ನು ನೆನೆದುಕೊಂಡು ಒಂದು ಸಲ, ಮೌಲಾನನ್ನು ನೆನೆದುಕೊಂಡು ಇನ್ನೊಂದು ಸಲ ಒತ್ತಿದೆ, ಬಿಚ್ಚಿಕೊಂಡಿತು. ಹಳೆಯ ಬಟ್ಟಲಿಗೆ ಎಣ್ಣೆ ಸುರಿಯಿತು. ಸುರಿಯಿತು ಎನ್ನುವುದು ದೊಡ್ಡ ಮಾತು; ಒಂದು ಚಹಾ ಕಪ್ಪು ತುಂಬುವಷ್ಟು ಬಂದು ನಿಂತುಹೋಯಿತು. ನಾನು ಎದ್ದು ನಿಂತು ಆ ಬಟ್ಟಲನ್ನು ಎಲ್ಲರಿಗೂ ತೋರಿಸಿದೆ.

“ನೋಡ್ರಿ ಕಾಕಾ! ನೋಡ್ರಿ ಅತ್ತಿ! ಮೌಲಾ ಹಾಕಿದ್ದು ಇಷ್ಟೇ ಎಣ್ಣಿ! ಹೆಣ್ಮಕ್ಕಳ ಗಾಡಿ, ಯಾರ್ ನೋಡ್ತಾರ ಅಂತ ತಿಳ್ಕೊಂಡಾನ!”

“ಅರೇರೇ, ಭಾಳ ಮೋಸ ಆತಲ್ಲ ತಂಗೀ” ಎಂದರು ಕಾಕಾ. ಓಣಿ ಪೂರ್ತಿ ನನ್ನ ಕಡೆಯಾಯಿತು. ಆ ಹುಮ್ಮಸ್ಸಿನಲ್ಲಿ ಬೋಲ್ಟ್ ಬಿಗಿದು, ಮೇಲಿನ ಮುಚ್ಚಳ ತೆಗೆದು, ಬಾಟಲಿಯ ಎಣ್ಣೆಯನ್ನು ಪೂರ್ತಿ ಇಂಜಿನ್ನಿಗೆ ಸುರಿದೆ. ಕಡ್ಡಿ ಅದ್ದಿ ನೋಡಿದರೆ ಎಣ್ಣೆ ಗೆರೆಗಿಂತ ಬಹಳ ಮೇಲಿತ್ತು. ಇಷ್ಟು ದಿನ ಒಣಗಿದ್ದ ಜೀವ, ನಾಲ್ಕು ಹನಿ ಹೆಚ್ಚೇ ಇರಲಿ ಎಂದುಕೊಂಡೆ. ಗಾಡಿ ಚಾಲೂ ಮಾಡಿದಾಗ ಹಿಂದಿನಿಂದ ಬೆಳ್ಳಗೆ ಹೊಗೆ ಬಂತು. “ಹೊಸಾ ಎಣ್ಣಿ ಅಲ್ಲಾ, ಹಂಗೇ ಇರ್ತದ” ಎಂದೆ. ನಮ್ಮವರು ಬನಿಯನ್ನು ಮುಂದೆ ಚಾಚುತ್ತ, “ಚಲೋ ಮಾಡಿದಿ ನೋಡು” ಎಂದರು. ಎಷ್ಟೋ ದಿನಗಳ ಮೇಲೆ ಅವರೊಂದಿಗೆ ನಗುತ್ತ ಮಾತಾಡಿದೆ.

ಆ ವಾರ ನಾನು ಹೋದಲ್ಲೆಲ್ಲ ಹೊಗೆಯೂ ನನ್ನೊಂದಿಗೆ ಬಂತು. ದಾರಿಯಲ್ಲಿ ಕುರಿ ಕಾಯುವವರು ಮೂಗಿಗೆ ಟವೆಲ್ ಹಿಡಿದುಕೊಂಡು ನೋಡುತ್ತಿದ್ದರು. ಹೊಗೆಯನ್ನು ಸಹಿಸಿದೆ. ಆದರೆ ಹಿಂದಿನ ಚಕ್ರದ ಕಡೆಯಿಂದ ಒಂದು ಊಳಿಡುವ ಸದ್ದು ಶುರುವಾಯಿತು. ದಿನ ಕಳೆದಂತೆ ಅದು ಜೋರಾಗಿ, ಶಾಲೆಯ ಗೇಟು ಇನ್ನೂ ದೂರವಿರುವಾಗಲೇ ಮಕ್ಕಳು “ಮೇಡಂ ಬಂದ್ರು” ಎಂದು ತರಗತಿಗೆ ಓಡುವಂತಾಯಿತು. ನನಗೆ ಒಳಗೊಳಗೇ ಅನುಮಾನ ಹುಟ್ಟಿತು. ರಾತ್ರಿಯವರೆಗೂ ಕಾಯದೆ, ಸ್ಟಾಫ್ ರೂಮಿನ ಮೂಲೆಯಲ್ಲಿ ಪುಸ್ತಕ ಬಿಡಿಸಿ ಚಿತ್ರ ನೋಡಿದೆ. ಚಿತ್ರದಲ್ಲಿ ಬಾಣದ ಗುರುತು ಹಾಕಿದ್ದ ಬೋಲ್ಟ್ ನಾನು ಬಿಚ್ಚಿದ್ದಾಗಿರಲಿಲ್ಲ. ನಾನು ಬಿಚ್ಚಿದ್ದು ಯಾವುದು ಎಂದು ಅದರಲ್ಲಿ ಬರೆದಿರಲಿಲ್ಲ. ಪುಸ್ತಕ ಬರೆದವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದನ್ನು ಮುಚ್ಚಿ ಬ್ಯಾಗಿನ ತಳಕ್ಕೆ ತುರುಕಿದೆ.

ಶನಿವಾರ ಮಧ್ಯಾಹ್ನ ಬೇರೆ ದಾರಿಯಿಲ್ಲದೆ ಮೌಲಾನ ಗ್ಯಾರೇಜಿಗೆ ಹೋದೆ. ಯಜಮಾನರನ್ನೂ ಕರೆದುಕೊಂಡು ಹೋದೆ. ಮೌಲಾ ಗಾಡಿ ಚಾಲೂ ಮಾಡಿ ಕಿವಿಗೊಟ್ಟು ಕೇಳಿದ. ಕಡ್ಡಿ ತೆಗೆದು ನೋಡಿದ. ಹಿಂದಿನ ಬೋಲ್ಟ್ ಬಿಚ್ಚಿದ; ಒಂದು ಹನಿಯೂ ಬೀಳಲಿಲ್ಲ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

“ಯಾ ಅಲ್ಲಾ! ಇದು ಗೇರಿನ ಎಣ್ಣಿದು ಬೋಲ್ಟ್ ರೀ! ಗೇರಿನ ಎಣ್ಣಿ ಬಿಟ್ಟು, ಇಂಜಿನಿಗಿ ಡಬಲ್ ಎಣ್ಣಿ ಹಾಕ್ಯಾರ! ಇನ್ನೆರಡು ದಿನ ಓಡಿಸಿದ್ರ ಗೇರ್ ಪೂರಾ ಖರಾಬ್ ಆಗಿ ಗಾಡಿ ಗುಜರಿಗಿ ಹೋಗ್ತಿತ್ತು. ಇಂಥಾ ಶಾಣ್ಯಾ ಯಾರ್ರಿ? ಇದು ಯಾರ ಕೆಲಸಾ?”

ಆಗ ನಾನು ಹೇಳಿದ್ದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ಯೋಚಿಸಿ ಹೇಳಿದ್ದಲ್ಲ. ನಾಲಿಗೆ ತಾನಾಗಿಯೇ ಹೊರಳಿತು.

“ಇವರ್ದು,” ಎಂದೆ, ಯಜಮಾನರ ಕಡೆ ಗದ್ದ ತೋರಿಸಿ.

ಯಜಮಾನರು ನನ್ನನ್ನು ನೋಡಿದರು. ಆಮೇಲೆ ಮೌಲಾನನ್ನು ನೋಡಿ, ಗ್ರಂಥಾಲಯದಲ್ಲಿ ತಲೆದೂಗುವಂತೆಯೇ ಗಂಭೀರವಾಗಿ ತಲೆದೂಗಿದರು.

ಮೌಲಾ ನಿಧಾನವಾಗಿ ಎದ್ದ. ಅವನ ಮುಖದಲ್ಲಿ ಎಂದೂ ಕಾಣದ ಒಂದು ಗೌರವ ಮೂಡಿತು. ಅವನು ಯಜಮಾನರಿಗೆ ಬೆನ್ನು ಮಾಡಿ, ಜೀವನದಲ್ಲಿ ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿ ಮಾತಾಡಿದ:

“ಮೇಡಂ, ಒಂದ್ ಮಾತ್ ಹೇಳ್ತೇನಿ, ಗುಸ್ಸಾ ಆಗಬ್ಯಾಡ್ರಿ. ಸಾಹೇಬ್ರು ಭಾಳ ಚಲೋ ಮನಷ್ಯಾ. ಆದ್ರ ಈ ಕೆಲಸ ಅವರ ಕೈಲಿ ಆಗಂಗಿಲ್ರಿ. ಇನ್ಮ್ಯಾಗ ಗಾಡಿ ನೀವೇ ತರ್ರಿ. ಬರ್ರಿ ಇಲ್ಲಿ, ನಿಮಗ ತೋರಸ್ತೇನಿ.”

ನನ್ನನ್ನು ಗಾಡಿಯ ಪಕ್ಕ ಕೂರಿಸಿ, ಇಂಜಿನ್ನಿನ ಬೋಲ್ಟ್ ಯಾವುದು, ಗೇರಿನದು ಯಾವುದು, ಎಷ್ಟು ಎಣ್ಣೆ ಹಾಕಬೇಕು, ಕಡ್ಡಿಯನ್ನು ಒರೆಸಿ ಹೇಗೆ ನೋಡಬೇಕು ಎಂದು ಒಂದೊಂದನ್ನೂ ಬಿಡಿಸಿ ಹೇಳಿದ. “ಮೇಡಂ” ಎಂದು ಪ್ರತಿ ಮಾತಿಗೂ ಕರೆದ. ನಾನು ಪ್ರಶ್ನೆ ಕೇಳಿದೆ, ನನಗೇ ಉತ್ತರ ಕೊಟ್ಟ. ಸ್ಕೂಟರ್ ಕೊಂಡ ದಿನದಿಂದ ನಾನು ಬಯಸಿದ್ದು ಇದನ್ನೇ. ಅದು ಸಿಕ್ಕ ಹೊತ್ತಿನಲ್ಲಿ ನನ್ನ ಕಿವಿಗಳು ಕೆಂಡದಂತೆ ಸುಡುತ್ತಿದ್ದವು. ಯಜಮಾನರು ಗ್ಯಾರೇಜಿನ ಹೊರಗೆ ಹಳೆಯ ಟೈರಿನ ಮೇಲೆ ಕೂತಿದ್ದರು. ಮೌಲಾನಿಂದ ಗಾಡಿ ರಿಪೇರಿ ಮಾಡಿಸಿಕೊಳ್ಳಲು ಬಂದಿದ್ದ ಇನ್ನೊಬ್ಬ ಗಿರಾಕಿ, “ಏನ್ ಸರ್, ಪುಸ್ತಕ ಓದಿದಂಗ ಅಲ್ರಿ ಇದು” ಎಂದು ಅವರಿಗೆ ಬುದ್ಧಿ ಹೇಳಿದ. ಅವರು “ಹೌದ್ರಿ, ಹೌದ್ರಿ” ಎಂದು ಒಪ್ಪಿಕೊಂಡರು.

ಗಾಡಿ ಉಳಿಯಿತು. ಸದ್ದೂ ಹೋಯಿತು, ಹೊಗೆಯೂ ಹೋಯಿತು. ಯಜಮಾನರನ್ನು ಹಿಂದೆ ಕೂರಿಸಿಕೊಂಡು ಮನೆಯ ಕಡೆ ಹೊರಟೆ. ದಾರಿಯುದ್ದಕ್ಕೂ ಅವರು ಬೈಯುವುದನ್ನೇ ಕಾಯುತ್ತಿದ್ದೆ. ಬೈದರೆ ಏನು ಹೇಳಬೇಕೆಂದು ಒಂದಲ್ಲ, ನಾಲ್ಕು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವುಗಳಲ್ಲಿ ಎರಡಂತೂ ಬಹಳ ಹರಿತವಾಗಿದ್ದವು. ಬಸ್ ನಿಲ್ದಾಣ ದಾಟಿತು, ಸಂತೆ ಮೈದಾನ ದಾಟಿತು, ನಮ್ಮ ಓಣಿಯ ತಿರುವು ಬಂತು. ಹಿಂದಿನ ಸೀಟಿನಿಂದ ಕೊನೆಗೂ ದನಿ ಬಂತು:

“ಸುಜಾತಾ, ಮನ್ಯಾಗ ಕೊತ್ತಂಬರಿ ಅದನೋ ಇಲ್ಲೋ? ತರೋದಿದ್ರ ಇಲ್ಲೇ ಇಳೀತೇನಿ.”

ಅಷ್ಟೇ! ಹೆಂಡತಿ ನಾಲ್ಕು ಜನರ ಮುಂದೆ ಅಷ್ಟು ದೊಡ್ಡ ಸುಳ್ಳು ಹೇಳಿ ತನ್ನ ಮಾನ ಕಳೆದರೂ ಈ ಮನುಷ್ಯನಿಗೆ ಕೊತ್ತಂಬರಿಯ ಚಿಂತೆ! ನಾನು ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ, ಸಿಟ್ಟು ಮಾಡಿಕೊಳ್ಳಲು ಬಾರದ ಗಂಡಸಿನೊಂದಿಗೆ ಬಾಳುವುದು ಎಷ್ಟು ಕಷ್ಟ ಎಂಬುದನ್ನು ಅವರಿಗೆ, ಜೊತೆಗೆ ತರಕಾರಿ ಗಾಡಿಯವನಿಗೂ, ಚೆನ್ನಾಗಿ ಕೇಳಿಸುವಂತೆ ಹೇಳಿದೆ.